ಸ್ಲರಿ ಹೊಂಡದ ಒಡ್ಡು ಕಾಯುವುದೆಂದರೆ ನೀರನ್ನು ಕಾಯುವುದು

ಗದಗ ತಾಲ್ಲೂಕಿನ ಕಲ್ಲುಗಣಿಯೊಂದಕ್ಕೆ ಸೇರಿದ ಎಂ-ಸ್ಯಾಂಡ್ ಘಟಕದಲ್ಲಿ ಸ್ಲರಿ ಹೊಂಡದ ಒಡ್ಡಿನ ಸುರಕ್ಷತೆಯ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಕ್ರಷರ್‌ನಿಂದ ಬಂದ ಮರಳನ್ನು ತೊಳೆಯುವಾಗ 75 ಮೈಕ್ರಾನ್‌ಗಿಂತ ಸಣ್ಣ ಕಲ್ಲುಪುಡಿ ನೀರಿನೊಂದಿಗೆ ಬೂದುಬಣ್ಣದ ರಾಡಿಯಾಗಿ, ಅಂದರೆ ಸ್ಲರಿಯಾಗಿ, ಹೊರಬರುತ್ತದೆ. ಆ ರಾಡಿಯನ್ನು ಹೊಂಡಕ್ಕೆ ಬಿಟ್ಟು, ಪುಡಿ ತಳ ಸೇರಿದ ಮೇಲೆ ತಿಳಿನೀರನ್ನು ಪಂಪಿನಿಂದ ಮತ್ತೆ ಘಟಕಕ್ಕೆ ತರುತ್ತೇವೆ. ಹೊಂಡದ ಮೂರು ಕಡೆ ಗುಡ್ಡದ ಇಳಿಜಾರಿದೆ, ನಾಲ್ಕನೆಯ ಕಡೆ ಗರಸು ಮಣ್ಣಿನಿಂದ ಕಟ್ಟಿದ 8 ಮೀಟರ್ ಎತ್ತರದ ಒಡ್ಡಿದೆ. ಒಡ್ಡಿನ ಕೆಳಗೆ ಒಂದು ಹಳ್ಳ, ಹಳ್ಳದ ಎರಡೂ ದಂಡೆಗೆ ಕಡಲೆ ಮತ್ತು ಉಳ್ಳಾಗಡ್ಡಿ ಬೆಳೆಯುವ ಎರಿ ಹೊಲಗಳು, ಅಲ್ಲಿಂದ ಸ್ವಲ್ಪ ಮುಂದೆ ಮನೆಗಳು. ಒಡ್ಡಿನ ವಿಷಯದಲ್ಲಿ ನಾನು ತೆಗೆದುಕೊಳ್ಳುವ ಪ್ರತಿಯೊಂದು ತೀರ್ಮಾನವೂ ಆ ಹೊಲಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಗುತ್ತದೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು ಉದ್ದ, ಸಂಗ್ರಹ ಮುಂತಾದ ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರ್ ಎತ್ತರದವುಗಳಿಗೆ ಅನ್ವಯಿಸುತ್ತದೆ. ನಮ್ಮ ಒಡ್ಡು ಆ ಅಳತೆಯೊಳಗೆ ಬರುವುದಿಲ್ಲ. ಅಳತೆಗೆ ಬಾರದ ಒಡ್ಡನ್ನು ಯಾರೂ ಬಂದು ನೋಡದೆ ಇರಬಹುದು; ಹಾಗಾಗಿ ಅದನ್ನು ನಾವೇ ಇನ್ನಷ್ಟು ಕಟ್ಟುನಿಟ್ಟಾಗಿ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಭಾಗದವರಿಗೆ ಕೆರೆ ಏರಿಯ ಪರಿಚಯ ಚೆನ್ನಾಗಿದೆ, ಆದರೆ ಆ ಅನುಭವವನ್ನು ಇಲ್ಲಿಗೆ ಹಾಗೆಯೇ ತರಲಾಗುವುದಿಲ್ಲ. ಕೆರೆಯ ಏರಿಯನ್ನು ಒಮ್ಮೆ ಕಟ್ಟಿ ಮುಗಿಸುತ್ತಾರೆ, ಬೇಸಿಗೆಯಲ್ಲಿ ನೀರಿಳಿದಾಗ ಅದರ ಒಳಮೈಯನ್ನು ಕಣ್ಣಾರೆ ನೋಡಿ ದುರಸ್ತಿ ಮಾಡಬಹುದು. ಸ್ಲರಿ ಒಡ್ಡು ಹಾಗಲ್ಲ; ಹೊಂಡ ತುಂಬಿದಂತೆಲ್ಲ ಅದನ್ನು ಏರಿಸುತ್ತಲೇ ಹೋಗಬೇಕು, ಮತ್ತು ಅದರ ಒಳಮೈ ಎಂದೂ ಕಾಣುವುದಿಲ್ಲ. ಏರಿಸುವಾಗ ಅಗ್ಗದ ದಾರಿಯೊಂದಿದೆ: ಹೊಂಡದೊಳಗೆ ಕುಳಿತ ಪುಡಿಯ ಮೇಲೆಯೇ ಹೊಸ ಒಡ್ಡನ್ನು ಕೂರಿಸುವುದು. ನೀರು ತುಂಬಿದ ಸಡಿಲ ಪುಡಿ ಭೂಕಂಪದ ಅಲುಗಾಟಕ್ಕೆ, ಕೆಲವೊಮ್ಮೆ ಅಲುಗಾಟವೇ ಇಲ್ಲದೆ, ಒಮ್ಮೆಲೇ ದ್ರವದಂತೆ ಹರಿಯಬಲ್ಲದು. 1965ರ ಭೂಕಂಪದಲ್ಲಿ ಎಲ್ ಕೋಬ್ರೆ ತಾಮ್ರದ ಗಣಿಯ ಇಂತಹ ಒಡ್ಡು ಒಡೆದು ಇನ್ನೂರಕ್ಕೂ ಹೆಚ್ಚು ಜನ ಸತ್ತ ಬಳಿಕ ಚಿಲಿ ದೇಶ ಈ ವಿಧಾನವನ್ನು ನಿಷೇಧಿಸಿತು. ಬ್ರೆಜಿಲ್ 2019ರಲ್ಲಿ ನಿಷೇಧಿಸಿತು. ನಮ್ಮ ಮಾಲೀಕರು ಖರ್ಚಿನ ಮಾತೆತ್ತಿದಾಗ ನಾನು ಈ ಎರಡು ಉದಾಹರಣೆಗಳನ್ನು ಮುಂದಿಟ್ಟು, ಹೊರಮೈಗೆ ಮಣ್ಣು ಸೇರಿಸಿ, ಪದರ ಪದರವಾಗಿ ನೀರು ಚಿಮುಕಿಸಿ ರೋಲರ್ ಓಡಿಸಿಯೇ ಒಡ್ಡನ್ನು ಏರಿಸಬೇಕೆಂದು ಪಟ್ಟು ಹಿಡಿದೆ. ಮಣ್ಣು ಹೆಚ್ಚು ಬೇಕಾಯಿತು, ಜಾಗವೂ ಹೆಚ್ಚು ಬೇಕಾಯಿತು, ಆದರೆ ಒಡ್ಡಿನ ಭಾರವೆಲ್ಲ ಗಟ್ಟಿ ನೆಲದ ಮೇಲೆ ಬಿದ್ದಿತು.

ಮೊದಲು ಗಮನ ಕೊಟ್ಟದ್ದು ಹೊಂಡದೊಳಗೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ. ಮೊದಲಿದ್ದ ವ್ಯವಸ್ಥೆಯಲ್ಲಿ ರಾಡಿಯ ಪೈಪು ಗುಡ್ಡದ ಕಡೆ ಬಾಯಿ ತೆರೆದಿತ್ತು. ಪುಡಿ ಆ ಕಡೆ ಕೂತು, ನೀರು ಒಡ್ಡಿಗೆ ಆತು ನಿಲ್ಲುತ್ತಿತ್ತು. ಪೈಪನ್ನು ಒಡ್ಡಿನ ನೆತ್ತಿಯುದ್ದಕ್ಕೂ ಎಳೆದು, ಅಲ್ಲಲ್ಲಿ ವಾಲ್ವ್ ಇಟ್ಟು, ಸರದಿಯ ಮೇಲೆ ರಾಡಿ ಬಿಡತೊಡಗಿದೆವು. ದಪ್ಪ ಕಣ ಒಡ್ಡಿನ ಬಳಿಯೇ ಕೂತು ಅಲ್ಲೊಂದು ಒಣ ದಂಡೆ ಬೆಳೆಯಿತು, ನೀರು ಗುಡ್ಡದ ಕಡೆ ಸರಿಯಿತು. ಒಡ್ಡಿಗೂ ನೀರಿಗೂ ನಡುವೆ ಈ ದಂಡೆ ಅಗಲವಾದಷ್ಟೂ ಒಡ್ಡಿನೊಳಗಿನ ನೀರಿನ ಮಟ್ಟ ಕೆಳಗಿಳಿಯುತ್ತದೆ. ದಕ್ಷಿಣ ಆಫ್ರಿಕಾದ ಮೆರಿಸ್‌ಪ್ರೂಟ್‌ನಲ್ಲಿ 1994ರ ಫೆಬ್ರವರಿ 22ರ ಸಂಜೆಯ ಮಳೆಗೆ ನೀರು ಒಡ್ಡಿನ ಮೇಲಿಂದ ಹರಿದು, ಒಡ್ಡು ಒಡೆದು 17 ಜನ ಸತ್ತರು. ಅಲ್ಲಿ ಹೊಂಡದ ನೀರು ಮಳೆಗೆ ಮೊದಲೇ ಒಡ್ಡಿನ ಅಂಚಿಗೆ ಬಂದು ನಿಂತಿತ್ತು.

ಮಳೆಯ ಲೆಕ್ಕ ಕಠಿಣವಲ್ಲ, ಆದರೆ ಅದನ್ನು ಕಾಗದದ ಮೇಲೆ ಮಾಡಲೇಬೇಕು. ಹೊಂಡ ಮತ್ತು ಅದಕ್ಕೆ ನೀರಿಳಿಸುವ ಗುಡ್ಡದ ಇಳಿಜಾರು ಸೇರಿ ಸುಮಾರು 3 ಹೆಕ್ಟೇರ್ ಆಗುತ್ತದೆ. ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿದು ಎಲ್ಲವೂ ಒಳಬಂದರೆ 3,000 ಘನ ಮೀಟರ್ ನೀರು. ಹೊಂಡದಲ್ಲಿ ನೀರು ಹರಡಿರುವ ಜಾಗ ಅರ್ಧ ಹೆಕ್ಟೇರ್ ಇದ್ದರೆ ಮಟ್ಟ 60 ಸೆಂಟಿಮೀಟರ್ ಏರುತ್ತದೆ. ನಮ್ಮದು ಬರಪೀಡಿತ ಜಿಲ್ಲೆ, ಇಲ್ಲೆಲ್ಲಿಯ ಮಳೆ ಎನ್ನುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ವರ್ಷದ ಮಳೆ ಕಡಿಮೆಯಿದ್ದರೂ ಹಿಂಗಾರಿನಲ್ಲಿ ಒಂದೇ ರಾತ್ರಿ ಹಳ್ಳ ತುಂಬಿ ಹರಿದದ್ದನ್ನು ಗದಗಿನ ರೈತರೆಲ್ಲ ಕಂಡಿದ್ದಾರೆ. ಆದ್ದರಿಂದ ನೀರಿನ ಮಟ್ಟ ಒಡ್ಡಿನ ನೆತ್ತಿಗಿಂತ ಕನಿಷ್ಠ ಒಂದೂವರೆ ಮೀಟರ್ ಕೆಳಗಿರಬೇಕೆಂದು ನಿಗದಿ ಮಾಡಿ, ಗುಡ್ಡದ ನೀರು ಹೊಂಡಕ್ಕೆ ಬಾರದಂತೆ ಸುತ್ತಲೂ ಕಾಲುವೆ ತೋಡಿಸಿದೆವು. ಮುಂಗಾರಿಗೆ ಮೊದಲು ಆ ಕಾಲುವೆಯ ಹೂಳು ತೆಗೆಸುವುದು ಪ್ರತಿ ವರ್ಷದ ಕೆಲಸ.

ಒಡ್ಡಿನೊಳಗಿನ ನೀರನ್ನು ನೋಡಲು ಪೀಜೋಮೀಟರ್‌ಗಳನ್ನು ಕೂರಿಸಿದೆವು. ಹೆಸರು ದೊಡ್ಡದಾದರೂ ಸಾಧನ ಸರಳ: ಕೊರೆದ ರಂಧ್ರದೊಳಗೆ, ತುದಿಯಲ್ಲಿ ಸೀಳುಗಳಿರುವ ಪಿವಿಸಿ ಪೈಪು, ತುದಿಯ ಸುತ್ತ ದಪ್ಪ ಮರಳು, ಅದರ ಮೇಲೆ ಮಳೆನೀರು ಇಳಿಯದಂತೆ ಬೆಂಟೊನೈಟ್ ಜೇಡಿಯ ಬಿರಡೆ, ಬಾಯಿಗೆ ಬೀಗವಿರುವ ಮುಚ್ಚಳ. ಅಳತೆ ಪಟ್ಟಿಯನ್ನು ಇಳಿಬಿಟ್ಟರೆ ತುದಿ ನೀರಿಗೆ ತಾಗಿದಾಗ ಸದ್ದಾಗುತ್ತದೆ. ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಹೊಂಡದ ಮಟ್ಟ, ಆ ದಿನದ ಮಳೆ, ಪೈಪಿನ ಮಟ್ಟ ಈ ಮೂರನ್ನೂ ಒಂದೇ ಹಾಳೆಯಲ್ಲಿ ಗೆರೆ ಎಳೆದು ನೋಡಬೇಕು. ಮಳೆಯಿಲ್ಲದೆ, ಹೊಂಡದ ನೀರು ಇಳಿಯುತ್ತಿರುವಾಗಲೂ ಪೈಪಿನ ನೀರು ಏರುತ್ತಿದ್ದರೆ ಕಾರಣ ಹುಡುಕದೆ ಬಿಡಬಾರದು. ಜಿಗುಟು ಮಣ್ಣಿನಲ್ಲಿ ಈ ಪೈಪುಗಳು ನಿಧಾನವಾಗಿ ಸ್ಪಂದಿಸುತ್ತವೆ ಎಂಬುದೂ ನೆನಪಿರಬೇಕು. ಅವುಗಳ ಅಂಕಿ ಸರಿಯಿದೆಯೆಂದು ಒಡ್ಡಿನ ಬುಡ ನೋಡುವುದನ್ನು ಬಿಡುವಂತಿಲ್ಲ.

ಒಡ್ಡಿನ ಬುಡದಲ್ಲಿ ಒಸರುವ ನೀರೇ ಎಲ್ಲಕ್ಕಿಂತ ಹೆಚ್ಚು ವಿಷಯ ತಿಳಿಸುತ್ತದೆ. ಮಣ್ಣಿನ ಒಡ್ಡು ಸ್ವಲ್ಪ ಒಸರುವುದು ಸಹಜ. ಅದನ್ನು ಒಂದು ಚಿಕ್ಕ ಕಾಲುವೆಗೆ ಸೇರಿಸಿ, ‘ವಿ’ ಆಕಾರದ ಕಚ್ಚು ಮಾಡಿದ ತಗಡಿನ ಮೂಲಕ ಹರಿಸಿ ಅಳೆಯುತ್ತೇವೆ. 90 ಡಿಗ್ರಿ ಕಚ್ಚಿನಲ್ಲಿ ನೀರಿನ ಎತ್ತರ 5 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಮುಕ್ಕಾಲು ಲೀಟರಿನಷ್ಟು, 10 ಸೆಂಟಿಮೀಟರ್ ಇದ್ದರೆ ನಾಲ್ಕು ಲೀಟರಿಗೂ ಮೇಲೆ. ಎತ್ತರ ಇಮ್ಮಡಿಯಾದರೆ ಹರಿವು ಐದು ಪಟ್ಟಿಗಿಂತಲೂ ಹೆಚ್ಚುತ್ತದೆ. ಪ್ರಮಾಣದಷ್ಟೇ ಬಣ್ಣವೂ ಮುಖ್ಯ. ನೀರು ತಿಳಿಯಾಗಿದ್ದರೆ ಅದು ಬರೀ ನೀರು. ಬೂದುಬಣ್ಣಕ್ಕೆ ತಿರುಗಿದರೆ ಹೊಂಡದ ಪುಡಿ ದಾರಿ ಮಾಡಿಕೊಂಡಿದೆ, ಕೆಂಪಗಾದರೆ ಒಡ್ಡಿನ ಗರಸೇ ಕೊಚ್ಚಿ ಬರುತ್ತಿದೆ.

ಒಂದು ಹಸ್ತ ಮಳೆಯ ಮರುದಿನ ಬೆಳಿಗ್ಗೆ ಕಾವಲಿನ ಹಿರಿಯರು ಫೋನು ಮಾಡಿ, “ಸರ್, ಬುಡದಾಗ ನೀರು ಕೆಂಪಗ ಬರಾಕತ್ತೈತ್ರಿ, ರಾಡಿ ಬಿಡೋ ಪಂಪ್ ಬಂದ್ ಮಾಡೀನ್ರಿ” ಎಂದರು. ನಾನು ಹೋಗುವಷ್ಟರಲ್ಲಿ ಅಲ್ಲಿದ್ದವರು ಜೆಸಿಬಿಯಿಂದ ಜೇಡಿಮಣ್ಣು ತಂದು ಆ ಬಾಯಿ ಮುಚ್ಚಲು ಸಿದ್ಧರಾಗಿದ್ದರು, ಅದನ್ನು ತಡೆದೆ. ಒಸರುವ ಬಾಯಿಯನ್ನು ಬಿಗಿಯಾಗಿ ಮುಚ್ಚಿದರೆ ಒಳಗೆ ಒತ್ತಡ ಏರಿ ನೀರು ಬೇರೊಂದು ಕಡೆ, ಇನ್ನೂ ಮೇಲೆ ಬಾಯಿ ತೆರೆಯುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು. ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದೊಡ್ಡ ಜಲ್ಲಿ, ಕೊನೆಗೆ ಭಾರಕ್ಕೆ ಗುಂಡುಕಲ್ಲು ಹೀಗೆ ಪದರಗಳನ್ನು ಹಾಕಿಸಿದೆವು. ಜೊತೆಗೆ ಹೊಂಡದ ನೀರನ್ನು ಖಾಲಿಯಿದ್ದ ಕಲ್ಲು ಗುಂಡಿಗೆ ಪಂಪು ಮಾಡಿ ಇಳಿಸಿದೆವು. ಸಂಜೆಯ ಹೊತ್ತಿಗೆ ನೀರು ತಿಳಿಯಾಯಿತು. ಆ ಪದರಗಳನ್ನು ಆಮೇಲೆ ಒಡ್ಡಿನ ಬುಡದುದ್ದಕ್ಕೂ ವಿಸ್ತರಿಸಿದೆವು.

ಆ ದಿನ ಒಡ್ಡನ್ನು ಉಳಿಸಿದ್ದು ಕಾವಲಿನ ಹಿರಿಯರು ಯಾರನ್ನೂ ಕೇಳದೆ ಪಂಪು ನಿಲ್ಲಿಸಿದ್ದು ಎಂದು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ. ಆ ಅಧಿಕಾರ ಅವರಿಗೆ ಲಿಖಿತವಾಗಿ ಇತ್ತು, ಮಾಲೀಕರ ಸಹಿಯೊಂದಿಗೆ. ಅದನ್ನು ಪಡೆಯುವುದು ಪೀಜೋಮೀಟರ್ ಕೂರಿಸುವುದಕ್ಕಿಂತ ಕಷ್ಟದ ಕೆಲಸವಾಗಿತ್ತು, ಏಕೆಂದರೆ ಪಂಪು ನಿಂತರೆ ಘಟಕ ನಿಲ್ಲುತ್ತದೆ, ಲಾರಿಗಳು ಗೇಟಿನಲ್ಲಿ ಸಾಲು ನಿಲ್ಲುತ್ತವೆ. ಧಾರವಾಡದ ಮಣ್ಣು ತಜ್ಞರೊಬ್ಬರಿಂದ ಲೆಕ್ಕ ಮಾಡಿಸಿ, ನೀರು ಎಲ್ಲಿಯವರೆಗೆ ಏರಿದರೂ ಒಡ್ಡಿನ ಸುರಕ್ಷತಾ ಗುಣಾಂಕ (ಒಡ್ಡನ್ನು ಜಾರಿಸುವ ಬಲಕ್ಕೆ ಹೋಲಿಸಿದರೆ ತಡೆಯುವ ಬಲ ಎಷ್ಟು ಪಟ್ಟು ಎಂಬ ಲೆಕ್ಕ) 1.5ಕ್ಕಿಂತ ಇಳಿಯುವುದಿಲ್ಲ, ಎಲ್ಲಿ ಅದು 1.3ಕ್ಕೆ ಬರುತ್ತದೆ ಎಂಬುದನ್ನು ಪ್ರತಿ ಪೈಪಿನ ಮುಚ್ಚಳದ ಒಳಗೆ ಹಳದಿ ಮತ್ತು ಕೆಂಪು ಬಣ್ಣದಲ್ಲಿ ಬರೆಸಿದ್ದೇವೆ. ಹಳದಿ ದಾಟಿದರೆ ನನಗೆ ಫೋನು, ಕೆಂಪು ದಾಟಿದರೆ ಮೊದಲು ಪಂಪು ಬಂದ್, ಆಮೇಲೆ ಫೋನು. ಹಳ್ಳದ ದಂಡೆಯ ಮನೆಗಳವರ ನಂಬರುಗಳೂ ಅಳತೆಗಳನ್ನು ಬರೆಯುವ ರಿಜಿಸ್ಟರಿನ ಮೊದಲ ಪುಟದಲ್ಲಿವೆ. ಮಳೆಗಾಲಕ್ಕೆ ಮುಂಚೆ ಅವರನ್ನು ಕರೆದು, ಸೈರನ್ ಕೇಳಿದರೆ ಯಾವ ಕಡೆಯ ದಿಬ್ಬ ಹತ್ತಬೇಕೆಂದು ನಡೆದೇ ತೋರಿಸುತ್ತೇವೆ.

ಬೇಸಿಗೆಯಲ್ಲಿಯೂ ಓಡಾಟ ನಿಲ್ಲುವುದಿಲ್ಲ. ಒಡ್ಡಿನ ಎರಡು ತುದಿಗಳು ಎರಿ ನೆಲವನ್ನು ಸೇರುವಲ್ಲಿ ಏಪ್ರಿಲ್ ಹೊತ್ತಿಗೆ ಬಿರುಕು ಬಾಯಿಬಿಡುತ್ತದೆ, ಮೊದಲ ಮಳೆಯ ನೀರು ನೇರ ಅದರೊಳಗೆ ಇಳಿಯುತ್ತದೆ. ಅಲ್ಲಿ ಎರಿ ಮಣ್ಣು ಅಗೆದು ಗರಸು ತುಂಬಿಸಿದ್ದೇವೆ. ಜಾಲಿ ಗಿಡಗಳನ್ನು ಚಿಕ್ಕದಿರುವಾಗಲೇ ಬೇರುಸಹಿತ ಕೀಳುತ್ತೇವೆ, ಹೆಗ್ಗಣದ ಬಿಲ ಕಂಡರೆ ಅಗೆದು ಮುಚ್ಚುತ್ತೇವೆ.

ಘಟಕದಲ್ಲಿ ಇದಕ್ಕಿಂತ ಹಳೆಯ, ತುಂಬಿ ಮುಗಿದ ಹೊಂಡವೊಂದಿದೆ. ಅದಕ್ಕೆ ರಾಡಿ ಬಿಡುವುದು ನಿಂತಿರುವುದರಿಂದ ಅಳತೆ ಏಕೆ ಬೇಕೆಂದು ಕೇಳುವವರಿದ್ದಾರೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನೊದಲ್ಲಿ ಕುಸಿದು 270 ಜನರನ್ನು ಬಲಿ ತೆಗೆದುಕೊಂಡ ಒಡ್ಡಿನ ಹೊಂಡಕ್ಕೂ 2016ರಿಂದ ರಾಡಿ ಬಿಟ್ಟಿರಲಿಲ್ಲ. ಹಳೆಯ ಹೊಂಡದ ಮೇಲೆ ಮಳೆನೀರು ನಿಲ್ಲದಂತೆ ಇಳಿಜಾರು ಮಾಡಿಸಿ ಮೇಲೆ ಗರಸು ಹೊದಿಸಿದ್ದೇವೆ, ಅದರ ಪೈಪುಗಳ ನೀರನ್ನು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಳೆದು ಅದೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೇವೆ.