ಥ್ರಿಲ್ಲರ್ ಕಿರುಚಿತ್ರದಲ್ಲಿ ಹುಡುಗಿ ಕಿರುಚುವುದು ಬಿಟ್ಟು ಬೇರೇನು ಮಾಡಬಹುದು

ಕೊಡಗಿನ ಗೋಣಿಕೊಪ್ಪಲಿನಲ್ಲಿ ನನ್ನದೊಂದು ಸಣ್ಣ ಎಡಿಟಿಂಗ್ ರೂಮು ಇದೆ. ಹೊಟ್ಟೆಪಾಡಿಗೆ ಮದುವೆ ವಿಡಿಯೋ. ಜೊತೆಗೆ ಕಾಲೇಜು ಮಕ್ಕಳ ಕಿರುಚಿತ್ರಗಳು. ಪೊನ್ನಂಪೇಟೆ, ವಿರಾಜಪೇಟೆ, ಮಡಿಕೇರಿ ಕಡೆಯಿಂದ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬರುತ್ತಾರೆ. ಜಾಸ್ತಿ ಜನರದ್ದು ಥ್ರಿಲ್ಲರ್. ಮಂಜು, ಕಾಫಿ ತೋಟ, ಕೆಟ್ಟು ನಿಂತ ಜೀಪು, ಬಿಳಿ ಚೂಡಿದಾರದ ಹುಡುಗಿ. ಅವಳು ಓಡುತ್ತಾಳೆ, ಬೀಳುತ್ತಾಳೆ, ಕಿರುಚುತ್ತಾಳೆ. ಒಬ್ಬ ಹುಡುಗ ಬಂದು ಕಾಪಾಡುತ್ತಾನೆ. ಕೊನೆಗೆ ನೋಡಿದರೆ ಅವಳೇ ದೆವ್ವ.

ಎಡಿಟ್ ಮಾಡುವ ನನಗೇ ನಿದ್ದೆ ಬಂದರೆ ನೋಡುವವರ ಗತಿ ಏನು?

"ಹುಡುಗಿ ಪಾತ್ರ ಸ್ಟ್ರಾಂಗ್ ಆಗಿರಬೇಕು ಅಂತ ಲೆಕ್ಚರರ್ ಹೇಳಿದ್ದಾರೆ ಮೇಡಂ. ಜನಕ್ಕೂ ಇಷ್ಟ ಆಗಬೇಕು. ಎರಡೂ ಹೇಗೆ ಮಾಡುವುದು?" ಇದು ನನ್ನ ಹತ್ತಿರ ಬರುವವರು ಕೇಳುವ ಮಾಮೂಲಿ ಪ್ರಶ್ನೆ. ಎರಡೂ ಒಂದೇ ಕೆಲಸ ಅಂತ ನಾನು ಹೇಳುತ್ತೇನೆ. ಥ್ರಿಲ್ಲರ್ ನಡೆಯುವುದೇ ಯಾರಿಗೆ ಏನು ಗೊತ್ತು ಅನ್ನುವುದರ ಮೇಲೆ. ಹುಡುಗಿಗೆ ಏನೂ ಗೊತ್ತಿಲ್ಲ, ಅವಳು ಏನನ್ನೂ ತೀರ್ಮಾನಿಸುವುದಿಲ್ಲ ಅಂದರೆ ಪಾತ್ರವೂ ಸಪ್ಪೆ, ಸಿನಿಮಾವೂ ಸಪ್ಪೆ.

ಕಥೆ ಬರೆಯುವ ಮೊದಲು ಯಾರಿಗೆ ತೋರಿಸುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. "ಎಲ್ಲರಿಗೂ" ಅಂತ ಬರೆದರೆ ಆ ಚೀಟಿ ಹರಿದು ಹಾಕಿ. ಕಾಲೇಜು ಹಾಲ್‌ನಲ್ಲಿ ತೋರಿಸುವುದಾದರೆ ಅಲ್ಲಿ ಕೂರುವವರಲ್ಲಿ ಹುಡುಗಿಯರೂ ಅಷ್ಟೇ ಇರುತ್ತಾರೆ, ಅವರ ಅಪ್ಪ ಅಮ್ಮ ಕೂಡ ಬರಬಹುದು. ಫೋನಲ್ಲಿ ನೋಡುವವರಿಗಾದರೆ ಕತ್ತಲೆ ಶಾಟ್‌ಗಳು ಬಿಸಿಲಲ್ಲಿ ಕಾಣುವುದೇ ಇಲ್ಲ. ಸದ್ದೇ ಕೆಲಸ ಮಾಡಬೇಕು. ವಯಸ್ಸೂ ಬರೆದುಕೊಳ್ಳಿ. ಸೆನ್ಸಾರ್ ಮಂಡಳಿಯ 2024ರ ನಿಯಮಗಳಲ್ಲಿ ಯುಎ (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರ) ಅನ್ನುವುದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಕಾಲೇಜು ಪ್ರಾಜೆಕ್ಟಿಗೆ ಸರ್ಟಿಫಿಕೇಟ್ ಬೇಡದಿರಬಹುದು. ಆದರೂ "ನಮ್ಮದು ಯಾವುದರಲ್ಲಿ ಬರುತ್ತದೆ" ಅಂತ ಕೇಳಿಕೊಂಡರೆ ರಕ್ತ ಎಷ್ಟು, ಹೊಡೆದಾಟ ಎಷ್ಟು ಅನ್ನುವ ಜಗಳ ಬೇಗ ಮುಗಿಯುತ್ತದೆ.

ನಮ್ಮ ಊರಿನ ಇನ್ನೊಂದು ತೊಂದರೆ ಮಂಜು. ಬೆಂಗಳೂರಿನವರಿಗೆ ಮಂಜು ಅಂದರೆ ನಿಗೂಢ. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಅಂದರೆ ಒಣಗದ ಬಟ್ಟೆ. ಇಲ್ಲಿಯವರಿಗೆ ಎದೆ ಝಲ್ ಅನ್ನುವುದು ಬೇರೆ ವಿಷಯಕ್ಕೆ. ತಿತಿಮತಿ ಕಡೆ ಸಂಜೆ ಸ್ಕೂಟರಿನಲ್ಲಿ ಬರುವಾಗ ಬಿದಿರು ಮುರಿಯುವ ಸದ್ದು ಕೇಳಿದರೆ ಸಾಕು. ಆನೆ ಕಾಣಿಸಲೇಬೇಕು ಅಂತಿಲ್ಲ. ಆದರೆ ಹೊರಗಿನ ಪ್ರೇಕ್ಷಕರಿಗೆ ಆ ಸದ್ದಿನ ಅರ್ಥ ಗೊತ್ತಿಲ್ಲ. ಹಾಗಾಗಿ ಮೊದಲ ನಿಮಿಷದಲ್ಲೇ ಕಲಿಸಿಬಿಡಿ. ಬಿದಿರು ಮುರಿಯುತ್ತದೆ, ಅಜ್ಜಿ ಮಾತು ನಿಲ್ಲಿಸಿ ಲೈಟ್ ಆರಿಸುತ್ತಾಳೆ. ಅಷ್ಟು ಸಾಕು. ಆಮೇಲೆ ಅದೇ ಸದ್ದು ಬಂದಾಗ ಊರವರು, ಹೊರಗಿನವರು ಇಬ್ಬರೂ ಒಟ್ಟಿಗೆ ಉಸಿರು ಬಿಗಿ ಹಿಡಿಯುತ್ತಾರೆ.

ಈಗ ಮುಖ್ಯ ಕೆಲಸ. ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ. ಪ್ರೇಕ್ಷಕರಿಗೆ ಏನು ಗೊತ್ತು, ಹುಡುಗಿಗೆ ಏನು ಗೊತ್ತು, ಅವಳಿಗೆ ಕೇಡು ಬಗೆಯುವವನಿಗೆ ಏನು ಗೊತ್ತು. ಪ್ರತಿ ಸೀನಿಗೂ ತುಂಬಿಸಿ. ಮೇಜಿನ ಕೆಳಗೆ ಬಾಂಬ್ ಇದೆ ಅಂತ ಪ್ರೇಕ್ಷಕರಿಗೆ ಹೇಳದೆ ಸಿಡಿಸಿದರೆ 15 ಸೆಕೆಂಡಿನ ಬೆಚ್ಚು, ಮೊದಲೇ ಹೇಳಿಬಿಟ್ಟರೆ 15 ನಿಮಿಷದ ತಳಮಳ ಅಂತ ಥ್ರಿಲ್ಲರ್‌ಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ. ಇದು ಫಿಲ್ಮ್ ಪಾಠದಲ್ಲಿ ಎಲ್ಲರೂ ಓದುತ್ತಾರೆ. ಓದಿದವರೇ ಬರೆದ ಸ್ಕ್ರಿಪ್ಟ್ ನೋಡಿದರೆ ಹುಡುಗಿಯ ಕಾಲಂ ಪೂರ್ತಿ ಖಾಲಿ. ಪ್ರೇಕ್ಷಕರಿಗೆ ಗೊತ್ತು, ವಿಲನ್‌ಗೆ ಗೊತ್ತು, ಇವಳಿಗೆ ಮಾತ್ರ ಗೊತ್ತಿಲ್ಲ. ಹೀಗಾದಾಗ ಜನ ಅವಳಿಗಾಗಿ ಹೆದರುವುದಿಲ್ಲ, "ಅಯ್ಯೋ ಪೆದ್ದಿ, ಅಲ್ಲಿಗೆ ಯಾಕೆ ಹೋದೆ" ಅಂತ ಬೈಯುತ್ತಾರೆ.

ಒಂದು ಸೀನ್ ತೆಗೆದುಕೊಳ್ಳೋಣ. ನನ್ನ ಹತ್ತಿರ ಬಂದ ಹುಡುಗರ ಗುಂಪೊಂದಕ್ಕೆ ಉದಾಹರಣೆಗೆ ಅಂತ ಬರೆದು ಕೊಟ್ಟದ್ದು. ರೋಬಸ್ಟಾ ಕೊಯ್ಲಿನ ಸಮಯ, ಸಂಜೆ ಐದೂವರೆ, ಕಣದ ಪಕ್ಕ ಹಣ್ಣಿನ ಮೂಟೆಗಳ ತೂಕ ನಡೆಯುತ್ತಿದೆ. ಕೊಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ತೋಟದ ಲೆಕ್ಕ ಬರೆಯುವ ರೈಟರ್ ರಜೆಯಲ್ಲಿದ್ದಾನೆ, ಅವನ ಮಗಳು ಪುಸ್ತಕ ಹಿಡಿದು ಕೂತಿದ್ದಾಳೆ. ಡಿಗ್ರಿ ಎರಡನೇ ವರ್ಷ, ರಜೆಗೆ ಬಂದವಳು. ತಕ್ಕಡಿ 62 ತೋರಿಸುತ್ತದೆ. ಮೇಸ್ತ್ರಿ ಜೋರಾಗಿ "ಐವತ್ತೆರಡು" ಅನ್ನುತ್ತಾನೆ. ಹಣ್ಣು ಕೊಯ್ದ ಹೆಂಗಸು ತಲೆ ಬಗ್ಗಿಸಿ ನಿಂತಿದ್ದಾಳೆ, ಅವಳಿಗೆ ತಕ್ಕಡಿ ಕಾಣುವುದಿಲ್ಲ. ಹುಡುಗಿ ಪುಸ್ತಕದಲ್ಲಿ 52 ಬರೆಯುತ್ತಾಳೆ. ಎಡಗೈಯನ್ನು ಮೇಜಿನ ಕೆಳಗೆ ಇಳಿಸಿ ಅಂಗೈ ಮೇಲೆ 62 ಬರೆಯುತ್ತಾಳೆ. "ಆಯ್ತಣ್ಣ, ಮುಂದಿನದ್ದು" ಅನ್ನುತ್ತಾಳೆ. ಮುಖದಲ್ಲಿ ಏನೂ ಇಲ್ಲ. ಇನ್ನೊಂದು ಮೂಟೆ, ಇನ್ನೊಂದು ಅಂಕಿ. ಅಂಗೈ ತುಂಬುತ್ತಿದೆ, ಬೆವರಿಗೆ ಇಂಕು ಹರಡುತ್ತಿದೆ. ಆಗ ಮೇಸ್ತ್ರಿ ಕೈ ಚಾಚುತ್ತಾನೆ. "ಪುಸ್ತಕ ತಾ ಇಲ್ಲಿ, ನೋಡುತ್ತೇನೆ."

ರೈಟರ್ ಪುಸ್ತಕ ಸಣ್ಣದಲ್ಲ, ಎರಡು ಕೈಯಲ್ಲಿ ಎತ್ತಬೇಕು.

ಇಲ್ಲಿ ಮ್ಯೂಸಿಕ್ ಬೇಡ. ಮಂಜು ಬೇಡ. ಓಟ ಇಲ್ಲ, ಕಿರುಚಾಟ ಇಲ್ಲ. ಅವಳಿಗೆ ಗೊತ್ತು ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮುಂದಿನ ಶಾಟ್‌ಗೆ ಜನ ಕಾಯುತ್ತಾರೆ. ಹೆಣ್ಣು ಪಾತ್ರಕ್ಕೆ ಬೆಲೆ ಬಂದದ್ದು ಅವಳು ಯಾರಿಗೋ ಒದ್ದದ್ದರಿಂದಲ್ಲ, ಲೆಕ್ಕ ಇಟ್ಟದ್ದರಿಂದ. ಅವಳಿಗೆ ಬುಲೆಟ್ ಬೈಕ್, ಕಪ್ಪು ಜಾಕೆಟ್, ಬಾಯಲ್ಲಿ ಸಿಗರೇಟು ಕೊಟ್ಟು ಐದು ಜನರನ್ನು ಹೊಡೆಸಿ "ಸ್ಟ್ರಾಂಗ್" ಅನ್ನುವವರು ಇದ್ದಾರೆ. ಅದು ಹೀರೋನ ಬಟ್ಟೆಯನ್ನು ಹೀರೋಯಿನ್‌ಗೆ ತೊಡಿಸಿದ್ದು, ಅಷ್ಟೇ. ನಮ್ಮಲ್ಲಿ ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬ ಬಂದರೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಹೆಂಗಸರಿದ್ದಾರೆ. ಹೊಡೆದು, ಕೋವಿ ಪಕ್ಕಕ್ಕಿಟ್ಟು, ಊಟಕ್ಕೆ ಬಡಿಸಲು ಹೋಗುತ್ತಾರೆ. ಸ್ಲೋಮೋಷನ್‌ನಲ್ಲಿ ನಡೆಯುವುದಿಲ್ಲ.

ಕೋವಿ ಅಂದಾಗ ನೆನಪಾಯಿತು. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಥ್ರಿಲ್ಲರ್ ಮಾಡುವವರಿಗೆ ಇದಕ್ಕಿಂತ ಏನು ಬೇಕು? ಸಂಜೆ ಕಣಿವೆಯಲ್ಲಿ ಒಂದು ಗುಂಡಿನ ಸದ್ದು. ಅಡಿಗೆಮನೆಯಲ್ಲಿ ಎಲ್ಲರ ಕೈ ನಿಂತುಹೋಗುತ್ತದೆ. ಎರಡನೆಯದು ಬರುತ್ತದಾ? ಇದೇ ಸದ್ದಿನಲ್ಲಿ ಗಂಡು ಹೆಣ್ಣಿನ ವಿಷಯವೂ ಇದೆ. ಹೆಣ್ಣು ಮಗು ಹುಟ್ಟಿದ ಮನೆಯಲ್ಲಿ ಏನೂ ಕೇಳಿಸದ ಆ ಹೊತ್ತನ್ನು ತೋರಿಸಿದರೆ ಭಾಷಣದ ಡೈಲಾಗ್ ಒಂದೂ ಬೇಕಾಗುವುದಿಲ್ಲ. ಒಂದೇ ಎಚ್ಚರಿಕೆ. ಮನೆಯಲ್ಲಿ ಕೋವಿ ಇದೆ ಅಂತ ಸೆಟ್ಟಿಗೆ ತರಬೇಡಿ, ಖಾಲಿ ಇದ್ದರೂ ಬೇಡ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇರುವುದು ಶೂಟಿಂಗ್ ಆಟಕ್ಕಲ್ಲ. ಮರದ ಕೋವಿ ಮಾಡಿಸಿ, ಸದ್ದನ್ನು ಎಡಿಟ್‌ನಲ್ಲಿ ಹಾಕಿ.

ಕ್ಯಾಮೆರಾ ಎಲ್ಲಿಡಬೇಕು ಅನ್ನುವುದು ಇನ್ನೊಂದು ದೊಡ್ಡ ವಿಷಯ. 1975ರಲ್ಲಿ ಲಾರಾ ಮಲ್ವೀ ಅನ್ನುವ ಬ್ರಿಟನ್ನಿನ ಸಿನಿಮಾ ಚಿಂತಕಿ ಸಿನಿಮಾದಲ್ಲಿ ಗಂಡು ನೋಡುತ್ತಾನೆ, ಹೆಣ್ಣು ನೋಡಿಸಿಕೊಳ್ಳುತ್ತಾಳೆ ಅಂತ ಬರೆದರು. ಮೀಡಿಯಾ ಓದುವ ಮಕ್ಕಳಿಗೆ ಇದು ಪರೀಕ್ಷೆಗೆ ಬರುತ್ತದೆ. ಪರೀಕ್ಷೆ ಬರೆದು ಬಂದು ಅದೇ ಶಾಟ್ ತೆಗೆಯುತ್ತಾರೆ: ಕಾಫಿ ಗಿಡದ ಮರೆಯಿಂದ, ಕಾಲಿನಿಂದ ಶುರುವಾಗಿ ಮೇಲಕ್ಕೆ ಏರುವ ಕ್ಯಾಮೆರಾ. ನಾನು ಅದನ್ನು ಕತ್ತರಿಸಿಬಿಡುತ್ತೇನೆ. "ಅದು ಸೈಕೋ ವಿಲನ್ ನೋಡುವ ರೀತಿ ಮೇಡಂ" ಅಂತ ವಾದ ಮಾಡುತ್ತಾರೆ. ಇರಬಹುದು. ಆದರೆ ಆ ಹೊತ್ತಿಗೆ ಇಡೀ ಹಾಲ್ ಸೈಕೋನ ಕಣ್ಣಿನಲ್ಲಿ ಕೂತಿರುತ್ತದೆ, ಹುಡುಗಿಯ ಭಯ ಯಾರಿಗೂ ತಟ್ಟುವುದಿಲ್ಲ. ಹಿಂಬಾಲಿಸುವ ಸೀನಿನಲ್ಲಿ ಕ್ಯಾಮೆರಾ ಅವಳ ಜೊತೆ ಇರಲಿ. ಅವಳ ಮುಖ, ಅವಳು ನೋಡಿದ್ದು, ಮತ್ತೆ ಅವಳ ಮುಖ. ಹಿಂದಿನಿಂದ ಒಂದು ಶಾಟ್ ಬೇಕೇ ಬೇಕು ಅಂದರೆ ಚಿಕ್ಕದಾಗಿಡಿ, ತಕ್ಷಣ ಅವಳ ಕಡೆಗೆ ಬನ್ನಿ. ಕ್ಲೋಸಪ್ ಬೇಕಾ? ಕೈ ತೋರಿಸಿ. ಬೀಗ ತೆಗೆಯುವ ಕೈ, ಅಂಕಿ ಬರೆಯುವ ಕೈ.

ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೂ ಟೈಮ್‌ಲೈನ್‌ನ ಕ್ಲಿಪ್‌ಗೆ ಗುರುತಿನ ಬಣ್ಣ ಕೊಡಬಹುದು. ಹುಡುಗಿ ಏನಾದರೂ ಮಾಡುತ್ತಿರುವ ಅಥವಾ ಯೋಚಿಸುತ್ತಿರುವ ಶಾಟ್‌ಗಳಿಗೆ ಹಸಿರು ಹಾಕಿ. ಸುಮ್ನೆ ನೋಡಿಸಿಕೊಳ್ಳುತ್ತಿರುವ ಶಾಟ್‌ಗಳಿಗೆ ಕಿತ್ತಳೆ. ಆಮೇಲೆ ಟೈಮ್‌ಲೈನ್ ಪೂರ್ತಿ ಕಾಣುವ ಹಾಗೆ ಮಾಡಿ ನೋಡಿ. ವಾದ ಅಲ್ಲಿಗೇ ಮುಗಿಯುತ್ತದೆ.

ಬೆಕ್‌ಡೆಲ್ ಟೆಸ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್‌ಡೆಲ್ 1985ರಲ್ಲಿ ಬರೆದ ಒಂದು ಕಾಮಿಕ್ ಪಟ್ಟಿಯಿಂದ ಬಂದದ್ದು. ಇಬ್ಬರು ಹೆಂಗಸರಿರಬೇಕು, ಅವರು ಒಬ್ಬರಿಗೊಬ್ಬರು ಮಾತಾಡಬೇಕು, ಮಾತು ಗಂಡಸಿನ ವಿಷಯ ಬಿಟ್ಟು ಬೇರೆಯದಿರಬೇಕು. ನೋಡಿ, ಏಳು ನಿಮಿಷದ ಚಿತ್ರದಲ್ಲಿ ಒಬ್ಬಳೇ ಇದ್ದರೆ ಈ ಟೆಸ್ಟ್ ಫೇಲ್. ಪರವಾಗಿಲ್ಲ. ಪಾಸಾಗಲಿ ಅಂತ ಇಬ್ಬರನ್ನು ಕೂರಿಸಿ ಟೊಮೆಟೊ ರೇಟು ಮಾತಾಡಿಸಿದರೂ ಪ್ರಯೋಜನ ಇಲ್ಲ. ನನ್ನ ಪ್ರಶ್ನೆ ಬೇರೆ: ಅವಳ ಜಾಗದಲ್ಲಿ ಒಂದು ಕಾಫಿ ಮೂಟೆ ಇಟ್ಟರೂ ಕಥೆ ನಡೆಯುತ್ತದಾ? ಕದ್ದೊಯ್ಯುತ್ತಾರೆ, ಹುಡುಕುತ್ತಾರೆ, ಕಾಪಾಡಿ ತರುತ್ತಾರೆ. ನಡೆಯುತ್ತದೆ ಅಂದರೆ ಸ್ಕ್ರಿಪ್ಟ್ ವಾಪಸ್ ಮೇಜಿಗೆ.

ಹುಡುಗರ ಪಾತ್ರಕ್ಕೂ ಇದೇ ಮಾತು. ಹೀರೋ ಯಾವುದಕ್ಕೂ ಹೆದರುವುದಿಲ್ಲ ಅಂದರೆ ಅಪಾಯ ಅಪಾಯ ಅನ್ನಿಸುವುದೇ ಇಲ್ಲ. ಹುಡುಗನಿಗೂ ಗಂಟಲು ಒಣಗಲಿ, ಕೈ ನಡುಗಲಿ. ಹಾಲ್‌ನಲ್ಲಿ ಕೂತ ಹುಡುಗರು ಅದನ್ನು ನೋಡಿ ನಗುವುದಿಲ್ಲ, ಸುಮ್ಮನಾಗುತ್ತಾರೆ. ಇನ್ನು ವಿಲನ್. ಅಸ್ಸಾಮಿನಿಂದ ತೋಟಕ್ಕೆ ಬಂದ ಕೆಲಸದವನು, ಇಲ್ಲದಿದ್ದರೆ ಇಲ್ಲಿನ ಯರವ ಬುಡಕಟ್ಟಿನ ಕುಡುಕ, ಯಾವಾಗಲೂ ಇವರೇ ಯಾಕೆ? ತೋಟದ ಬಂಗಲೆಯಲ್ಲಿ ಕೂತವನನ್ನು ಯಾರೂ ಅನುಮಾನಿಸದಿರುವುದು ನಿಜವಾದ ಥ್ರಿಲ್ಲರ್ ಅಲ್ವಾ? ದೆವ್ವಕ್ಕೆ ಕೊಡವ ಸೀರೆ ಉಡಿಸುವುದನ್ನೂ ದಯವಿಟ್ಟು ನಿಲ್ಲಿಸಿ. ನೆರಿಗೆ ಹಿಂದಕ್ಕೆ ಬರುವ ಹಾಗೆ ದಿನಾ ಉಟ್ಟು ಓಡಾಡುವ ಅಜ್ಜಿಯರು ನಿಮ್ಮ ಪ್ರೇಕ್ಷಕರಲ್ಲೇ ಕೂತಿರುತ್ತಾರೆ. ಮನೆಯೊಳಗೆ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರು ಅದನ್ನೇ ಆಡಲಿ, ಕೆಳಗೆ ಕನ್ನಡ ಸಬ್‌ಟೈಟಲ್ ಹಾಕಿ.

ತೆರೆಯ ಹಿಂದೆ ಯಾರಿದ್ದಾರೆ ಅನ್ನುವುದೂ ತೆರೆ ಮೇಲೆ ಕಾಣುತ್ತದೆ. ರಾತ್ರಿ ಶೂಟಿಂಗ್ ಅಂದ ತಕ್ಷಣ ಹುಡುಗಿಯರು ತಂಡದಿಂದ ಹೊರಗೆ. ಸಂಜೆ ಬಸ್ಸು ತಪ್ಪಿದರೆ ಮನೆಯಲ್ಲಿ ಫೋನ್ ಮೇಲೆ ಫೋನ್. ಕೊನೆಗೆ ಅವರಿಗೆ ಉಳಿಯುವುದು ಮೇಕಪ್ ಮತ್ತು ಊಟದ ವ್ಯವಸ್ಥೆ. ಅದಕ್ಕೆ ರಾತ್ರಿಯನ್ನು ಹಗಲಲ್ಲೇ ಮಾಡಿ. ಕಾಫಿ ಒಣಗಿಸುವ ಟಾರ್ಪಾಲು ಪ್ರತಿ ಮನೆಯಲ್ಲೂ ಇರುತ್ತದೆ. ಕಿಟಕಿಗೆ ಹೊರಗಿನಿಂದ ಎರಡು ಪದರ ಕಟ್ಟಿದರೆ ಮಧ್ಯಾಹ್ನ ಎರಡು ಗಂಟೆಗೂ ಒಳಗೆ ಕಗ್ಗತ್ತಲು. ಒಂದು ಟಾರ್ಚ್, ಒಂದು ಬಲ್ಬ್ ಸಾಕು. ಹೊರಗಿನ ಶಾಟ್‌ಗಳನ್ನು ಸೂರ್ಯ ಮುಳುಗಿದ ನಂತರದ ನೀಲಿ ಬೆಳಕಿನಲ್ಲಿ ತೆಗೆಯಿರಿ. ಸಿಗುವುದು ಸುಮಾರು 20 ನಿಮಿಷ, ಹಾಗಾಗಿ ಮೊದಲೇ ರಿಹರ್ಸಲ್ ಮುಗಿಸಿಕೊಳ್ಳಿ. ಆಗ ಕ್ಯಾಮೆರಾ ಹಿಡಿಯುವವಳೂ ಬಸ್ಸಿಗೆ ಹೋಗಬಹುದು. ಇರ್ಪು ಜಲಪಾತದ ಕಡೆ ಅಥವಾ ಕಾಡೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಕೊನೆ ಗಳಿಗೆಗೆ ಬಿಡಬೇಡಿ.

ಕೈ ಎಳೆಯುವ, ಬಾಯಿ ಮುಚ್ಚುವ ಸೀನ್ ಇದ್ದರೆ ಎಲ್ಲಿ ಮುಟ್ಟುತ್ತೀರಿ, ಎಷ್ಟು ಹೊತ್ತು ಅಂತ ಇಬ್ಬರು ನಟರೂ ಕೂತು ಮೊದಲೇ ಮಾತಾಡಿಕೊಳ್ಳಲಿ. "ಬೇಡ" ಅನ್ನುವುದು ಡೈಲಾಗ್‌ನಲ್ಲೇ ಇರುವುದರಿಂದ ನಿಲ್ಲಿಸಲು ಬೇರೆ ಮಾತು ಇಟ್ಟುಕೊಳ್ಳಿ. "ಕಿತ್ತಳೆ" ಅಂದರೆ ಎಲ್ಲರೂ ಕೈ ಬಿಡಬೇಕು, ಡೈರೆಕ್ಟರ್ ಕೂಡ ಪ್ರಶ್ನೆ ಕೇಳಬಾರದು.

ಮೊದಲ ಕಟ್ ಆದ ಮೇಲೆ ಫ್ರೆಂಡ್ಸ್‌ಗೆ ಮಾತ್ರ ತೋರಿಸಿದರೆ "ಸೂಪರ್ ಮಗಾ" ಅನ್ನುತ್ತಾರೆ, ಅದರಿಂದ ಏನೂ ಸಿಗುವುದಿಲ್ಲ. ಬೇರೆ ಬೇರೆ ವಯಸ್ಸಿನ ಗಂಡಸರು ಹೆಂಗಸರು ಸೇರಿ ಎಂಟ್ಹತ್ತು ಜನರನ್ನು ಕೂರಿಸಿ. ನೀವು ಪರದೆಯ ಪಕ್ಕ ನಿಂತು ಅವರ ಮುಖ ನೋಡಿ. ಯಾರು ಯಾವಾಗ ಫೋನ್ ತೆಗೆದರು ಅಂತ ಬರೆದುಕೊಳ್ಳಿ. ಮುಗಿದ ಮೇಲೆ ಹೇಗಿದೆ ಅಂತ ಕೇಳಬೇಡಿ. ಯಾರಿಗಾಗಿ ಹೆದರಿದಿರಿ, ಯಾವಾಗ ಗೊತ್ತಾಯಿತು, ಅವಳಿಗೆ ಏನು ಬೇಕಿತ್ತು ಅಂತ ಕೇಳಿ. ಗಂಡಸರ ಉತ್ತರ ಒಂದು, ಹೆಂಗಸರದ್ದು ಇನ್ನೊಂದು ಆದರೆ ಅಲ್ಲೇ ಎಡಿಟ್ ಬಾಕಿ ಇದೆ. ತೋಟದ ಕೆಲಸದವರಿರುವ ಲೈನ್ ಮನೆಯ ಹೆಂಗಸರನ್ನು ಖಂಡಿತ ಕರೆಯಿರಿ. ಒಂದು ಸಲ ನಾವೆಲ್ಲ ಲೈಟಿಂಗ್ ಬಗ್ಗೆ ಚರ್ಚೆ ಮಾಡುತ್ತಿದ್ದಾಗ ಒಬ್ಬರು ಕೇಳಿದರು: "ಅಷ್ಟೊತ್ತಿಗೆ ಹೊರಗೆ ಹೋಗುವವಳು ಕತ್ತಿ ಯಾಕೆ ತಗೊಂಡು ಹೋಗಲಿಲ್ಲ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮುಂದಿನ ಡ್ರಾಫ್ಟ್‌ನಲ್ಲಿ ಅವಳ ಕೈಯಲ್ಲಿ ಕತ್ತಿ ಇತ್ತು, ಅದನ್ನು ಅವಳು ಬಳಸುತ್ತಾಳಾ ಅನ್ನುವುದೇ ಆ ಸೀನಿನ ಕುತೂಹಲ ಆಯಿತು.

ಕೊನೆಗೆ ಪೋಸ್ಟರ್ ಮತ್ತು ಥಂಬ್‌ನೇಲ್. ಚಿತ್ರ ಪೂರ್ತಿ ಸರಿಯಾಗಿ ಮಾಡಿ, ಥಂಬ್‌ನೇಲ್‌ಗೆ ಮಾತ್ರ ಹರಿದ ಬಟ್ಟೆಯ ಹುಡುಗಿಯನ್ನು ಹಾಕುವವರಿದ್ದಾರೆ. ಅದನ್ನು ನೋಡಿ ಬಂದವರು ಮೊದಲ ನಿಮಿಷದಲ್ಲೇ ಹೊರಟುಹೋಗುತ್ತಾರೆ, ಬರಬೇಕಾದವರು ಬರುವುದೇ ಇಲ್ಲ. ಇಂಕು ಹರಡಿದ ಅಂಗೈ, ಅದರ ಮೇಲೆ 62, ಪಕ್ಕದಲ್ಲಿ ತೆರೆದ ಪುಸ್ತಕದಲ್ಲಿ 52. ಇಷ್ಟು ಹಾಕಿ ನೋಡಿ, ಏನಿದು ಅಂತ ಒತ್ತಿಯೇ ಒತ್ತುತ್ತಾರೆ. ಅಪ್‌ಲೋಡ್ ಮಾಡುವ ಮೊದಲು ಅದನ್ನು ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಅಂಕಿ ಓದಲು ಬರದಿದ್ದರೆ ಇನ್ನೂ ಹತ್ತಿರದಿಂದ ತೆಗೆದ ಫೋಟೋ ಹಾಕಿ.