ಮಗುವಿನ ಕುಂಡೆ ಬೆಂದಾಗ

ಡೈಪರ್ ಬಿಚ್ಚಿ ನೀರು ತಾಗಿಸಿದೊಡನೆ ಮಗು ಕಾಲು ಮಡಚಿಕೊಂಡು ಕಿರುಚಿದರೆ, ಹೊಟ್ಟೆನೋವೇ ಇರಬೇಕೆಂದು ಊಹಿಸುವ ಮೊದಲು ಅದರ ಕುಂಡೆಯನ್ನು ಬೆಳಕಿನಲ್ಲಿ ನೋಡಬೇಕು. ಚರ್ಮವು ಬಿಸಿನೀರು ಬಿದ್ದು ಬೆಂದಂತೆ ಕೆಂಪಗೆ ಹೊಳೆಯುತ್ತಿದ್ದರೆ, ಅದೇ ಈಗಿನವರು ಡೈಪರ್ ರ‍್ಯಾಶ್ ಎನ್ನುವುದು. ಬಟ್ಟೆಯ ಲಂಗೋಟಿ ಕಟ್ಟಿದರೆ ಇದು ಬರುವುದೇ ಇಲ್ಲವೆಂದು ನನ್ನ ಓರಗೆಯವರು ವಾದಿಸುವುದುಂಟು. ಮಲೆನಾಡಿನ ಮಳೆಗಾಲದಲ್ಲಿ ಎರಡು, ಬೆಂಗಳೂರಿನ ಫ್ಲಾಟಿನಲ್ಲಿ ಎರಡು ಬಾಣಂತನ ಮಾಡಿದ ನಾನು ಅದನ್ನು ಒಪ್ಪುವುದಿಲ್ಲ. ಒದ್ದೆಯಲ್ಲೇ ಬಿಟ್ಟರೆ ಲಂಗೋಟಿಯಲ್ಲೂ ಚರ್ಮ ಬೇಯುತ್ತದೆ, ಡೈಪರಿನಲ್ಲೂ ಬೇಯುತ್ತದೆ.

ಬರೀ ಮೂತ್ರವಾದರೆ ಚರ್ಮ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ. ಅದರ ಜೊತೆಗೆ ಮಲವೂ ಸೇರಿದಾಗ ಮೂತ್ರದಿಂದ ಅಮೋನಿಯಾ ಹುಟ್ಟಿ ಚರ್ಮದ ಸಹಜ ಆಮ್ಲಗುಣ ಕಡಿಮೆಯಾಗುತ್ತದೆ. ಆಗ ಮಲದಲ್ಲಿರುವ ಕಿಣ್ವಗಳು ಚುರುಕಾಗಿ, ನೆನೆದು ಮೆತ್ತಗಾದ ಚರ್ಮವನ್ನೇ ಕೆರಳಿಸತೊಡಗುತ್ತವೆ. ಆದ್ದರಿಂದ ಮಗು ಕಕ್ಕ ಮಾಡಿದ್ದು ತಿಳಿದ ತಕ್ಷಣ, ಕೈಯಲ್ಲಿದ್ದ ಕೆಲಸ ಬಿಟ್ಟು ಬದಲಾಯಿಸಬೇಕು. ಬರೀ ಮೂತ್ರವಾದರೆ ಹಗಲಿನಲ್ಲಿ 2–3 ಗಂಟೆಗೊಮ್ಮೆ ಸಾಕು. ಪೊಟ್ಟಣದ ಮೇಲೆ 12 ಗಂಟೆ ಎಂದು ಬರೆದಿರುವುದು ಸೋರದಿರುವ ಮಾತೇ ಹೊರತು ಮಗುವಿನ ಚರ್ಮದ ಮಾತಲ್ಲ. ಆರು ತಿಂಗಳ ಹೊತ್ತಿಗೆ ರಾಗಿ ಸರಿ ತಿನ್ನಿಸಲು ಶುರುಮಾಡಿದಾಗ ಮಲದ ಗುಣವೇ ಬದಲಾಗುತ್ತದೆ. ಆಗಲೂ, ಭೇದಿಯಾದಾಗಲೂ ಕುಂಡೆಯ ಮೇಲೆ ಒಂದು ಕಣ್ಣಿಟ್ಟಿರಬೇಕು.

ತೊಳೆಯಲು ಉಗುರುಬೆಚ್ಚಗಿನ ನೀರು, ಹಳೆಯ ಪಂಚೆಯ ಮೆತ್ತನೆಯ ತುಂಡು ಇದ್ದರೆ ಬೇರೇನೂ ಬೇಡ. ಸುವಾಸನೆಯ ಒದ್ದೆ ಟಿಶ್ಯೂಗಳು ಪ್ರಯಾಣಕ್ಕೆ ಅನುಕೂಲವಿರಬಹುದು, ಆದರೆ ಬೆಂದ ಚರ್ಮಕ್ಕೆ ಅವು ಉರಿ ತರುತ್ತವೆ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕೆಂಬುದನ್ನು ಮರೆಯಬಾರದು. ತೊಳೆದ ಮೇಲೆ ಉಜ್ಜದೆ, ಬಟ್ಟೆಯನ್ನು ಮೆಲ್ಲಗೆ ಒತ್ತೊತ್ತಿ ತೇವ ತೆಗೆದು, ತೊಡೆಸಂದಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ಅಲ್ಲಿಯೂ ಒತ್ತಬೇಕು. ಬಳಿಕ ರಬ್ಬರ್ ಶೀಟಿನ ಮೇಲೆ ಹತ್ತಿಬಟ್ಟೆ ಹಾಸಿ, ಮಗುವನ್ನು 10–15 ನಿಮಿಷ ಬರಿಮೈಯಲ್ಲಿ ಆಡಲು ಬಿಡಬೇಕು. ದಿನಕ್ಕೆ ಹೀಗೆ ಮೂರು ನಾಲ್ಕು ಸಲ ಗಾಳಿಯಾಡಿದರೆ ಅರ್ಧ ಕೆಂಪು ತಾನಾಗಿಯೇ ಇಳಿಯುತ್ತದೆ. (ಗಂಡುಮಗುವಾದರೆ ಮೇಲೊಂದು ಬಟ್ಟೆ ಇರಲಿ, ಕಾರಂಜಿ ಯಾವಾಗ ಏಳುತ್ತದೆಂದು ಹೇಳಲಾಗದು.)

ಚರ್ಮ ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ರೊಟ್ಟಿಗೆ ಬೆಣ್ಣೆ ಬಳಿದಂತೆ ದಪ್ಪಗೆ ಹಚ್ಚಬೇಕು. ತೇವವು ಚರ್ಮಕ್ಕೆ ತಾಗದಂತೆ ತಡೆಯುವುದೇ ಅದರ ಕೆಲಸವಾದ್ದರಿಂದ ತಿಕ್ಕಿ ಇಂಗಿಸುವ ಅಗತ್ಯವಿಲ್ಲ. ನನ್ನ ಮಗಳು ಮೊದಲ ಸಲ ಪ್ರತಿ ಬದಲಾವಣೆಗೂ ಆ ಬಿಳಿ ಪದರವನ್ನೆಲ್ಲ ಕೆರೆದು ತೆಗೆದು ಹೊಸದಾಗಿ ಹಚ್ಚುತ್ತಿದ್ದಳು. ಆ ಉಜ್ಜಾಟದಿಂದಲೇ ಚರ್ಮ ಇನ್ನಷ್ಟು ಸುಲಿಯಿತು. ಮೇಲಿನ ಗಲೀಜನ್ನಷ್ಟೇ ತೆಗೆದು, ಉಳಿದದ್ದರ ಮೇಲೆಯೇ ಮತ್ತೊಂದು ಪದರ ಹಚ್ಚಿದರಾಯಿತು. ಕೊಬ್ಬರಿ ಎಣ್ಣೆಯನ್ನು ನಾನು ಬೇಡವೆನ್ನುವುದಿಲ್ಲ. ತೆಳುವಾಗಿ ಕೆಂಪಾಗಿದ್ದಾಗ ಅದು ಹಿತವೇ; ಚರ್ಮ ಸುಲಿದಾಗ ಮಾತ್ರ ಅದನ್ನೊಂದನ್ನೇ ನಂಬಿ ಕೂರಬಾರದು. ಅರಿಶಿನ, ಕಡಲೆಹಿಟ್ಟು, ಸಾಸಿವೆ ಎಣ್ಣೆ, ನಂಜುನಾಶಕ ದ್ರಾವಣ ಯಾವುದೂ ಆ ಜಾಗಕ್ಕೆ ಬೇಡ.

ಪೌಡರಿನ ವಿಷಯದಲ್ಲಿ ತಪ್ಪು ನನ್ನದೇ. ಮೊದಲ ಮೊಮ್ಮಗನಿಗೆ ತೊಡೆಸಂದಿನ ತುಂಬ ಪೌಡರ್ ಉದುರಿಸಿ ಬೆಚ್ಚಗೆ ಮಲಗಿಸುತ್ತಿದ್ದೆ. ಸಂಜೆ ಬಿಚ್ಚಿ ನೋಡಿದರೆ ಅದು ತೇವಕ್ಕೆ ಗಂಟುಗಟ್ಟಿ, ಮಡಿಕೆಯೊಳಗೆ ಮರಳಿನಂತೆ ಉಜ್ಜಿ ಗೀರಿನ ಹಾಗೆ ಗಾಯ ಮಾಡಿತ್ತು. ಅದರ ದೂಳು ಮಗುವಿನ ಶ್ವಾಸಕೋಶಕ್ಕೂ ಕೆಟ್ಟದ್ದು. ಬೋರಿಕ್ ಪೌಡರ್ ಅಂತೂ ಸುಲಿದ ಚರ್ಮದ ಮೂಲಕ ಒಳಸೇರಿ ವಿಷವಾಗಬಲ್ಲದು. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನದಲ್ಲಿ ಕೆಂಪನ್ನು ಮಾಯಮಾಡುತ್ತದೆಂದು ಹಿಗ್ಗಬೇಡಿ. ಡೈಪರಿನ ಮುಚ್ಚಳದಡಿ ಅದರ ಪ್ರಭಾವ ಹೆಚ್ಚಾಗಿ ಚರ್ಮವೇ ತೆಳುವಾಗುತ್ತದೆ. ವೈದ್ಯರು ಹೇಳದೆ ಅದನ್ನು ಹಚ್ಚಕೂಡದು.

ಲಂಗೋಟಿ ಕಟ್ಟುವವರು ಜಾಲಾಡಿಸುವುದರಲ್ಲಿ ಜಿಪುಣತನ ಮಾಡಬಾರದು. ಸೋಪಿನ ನೊರೆ ಪೂರ್ತಿ ಹೋಗುವವರೆಗೆ ಮೂರು ನೀರಿನಲ್ಲಾದರೂ ಅದ್ದಿ ಹಿಂಡಬೇಕು, ಬಟ್ಟೆಗೆ ಘಮಘಮಿಸುವ ದ್ರವ ಹಾಕುವುದನ್ನು ಬಿಡಬೇಕು. ಆಷಾಢದಲ್ಲಿ ನಮ್ಮಲ್ಲಿ ಬಚ್ಚಲೊಲೆಯ ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ, ಲಂಗೋಟಿಗಳನ್ನು ಅದರ ಮೇಲೆ ಹರವಿ ಗರಿಗರಿಯಾಗಿ ಒಣಗಿಸುತ್ತಿದ್ದೆವು. ಈಗ ಇಸ್ತ್ರಿಪೆಟ್ಟಿಗೆ ಅದೇ ಕೆಲಸ ಮಾಡುತ್ತದೆ. ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಈ ಶ್ರಮವೆಲ್ಲ ದಂಡ.

ಇಷ್ಟು ಮಾಡಿದರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಗುಣ ಕಾಣುತ್ತದೆ. ಕಾಣದಿದ್ದರೆ ಮಡಿಕೆಗಳನ್ನು ಬಿಡಿಸಿ ನೋಡಿ. ಒದ್ದೆಯಿಂದ ಬೆಂದದ್ದು ಉಬ್ಬಿದ ಭಾಗದಲ್ಲಿ ಹೆಚ್ಚಿದ್ದು ಮಡಿಕೆಯ ಆಳವನ್ನು ಬಿಟ್ಟಿರುತ್ತದೆ. ಮಡಿಕೆಯೊಳಗೇ ಕಡುಕೆಂಪಾಗಿ, ಅಂಚಿನಾಚೆ ಸಾಸಿವೆ ಚೆಲ್ಲಿದಂತೆ ಸಣ್ಣ ಕೆಂಪು ಗುಳ್ಳೆಗಳಿದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರವಿರಬಹುದು. ನನ್ನ ಎರಡನೆಯ ಮೊಮ್ಮಗಳಿಗೆ ಆಂಟಿಬಯಾಟಿಕ್ ಕೊಟ್ಟ ವಾರದಲ್ಲಿ ಹೀಗಾಗಿ, ನಾನು ನಾಲ್ಕು ದಿನ ಎಣ್ಣೆ ಹಚ್ಚಿ ಕಾಲ ಕಳೆದಿದ್ದೆ; ವೈದ್ಯರು ಬರೆದುಕೊಟ್ಟ ಕ್ಲೋಟ್ರಿಮಜೋಲ್ ಮುಲಾಮಿಗೆ ಅದು ಇಳಿಯಿತು. ಜ್ವರ, ಕೀವು, ನೀರುಗುಳ್ಳೆ, ರಕ್ತ ಒಸರುವುದು ಇವುಗಳಲ್ಲಿ ಒಂದು ಕಂಡರೂ, ಅಥವಾ ಮಗು ಇನ್ನೂ ತಿಂಗಳೊಳಗಿನದಾಗಿದ್ದರೆ, ಮೂರು ದಿನ ಕಾಯದೆ ಅಂದೇ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಟ್ಯೂಬು, ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ, ಅಜ್ಜಿ ಗುಟ್ಟಾಗಿ ಹಚ್ಚಿದ್ದನ್ನೂ ಸೇರಿಸಿ.