ಗೊಬ್ಬರದಂಗಡಿ ಗಲ್ಲಾದಿಂದ ಏಷ್ಯಾ ಓದುವುದು ಹೇಗೆ

ಮಂಡ್ಯದಲ್ಲಿ ನಮ್ಮದು ಗೊಬ್ಬರ, ಬಿತ್ತನೆಬೀಜದ ಅಂಗಡಿ. ಗಲ್ಲಾ ಮುಂದೆ ಕೂತು ಮೂವತ್ತೊಂದು ವರ್ಷ ಆಯಿತು. 2021ರ ಕೊನೆಯಲ್ಲಿ ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಅಣ್ಣ, ಡಿಎಪಿ ಬಂತಾ?" ಡಿಎಪಿ ಅಂದರೆ ಸಾರಜನಕ, ರಂಜಕ ಇರುವ ಗೊಬ್ಬರ. ಇಲ್ಲ ಅಂದರೆ ಗೋಡೌನಿನ ಕಡೆ ಕತ್ತು ಚಾಚಿ ನೋಡುತ್ತಿದ್ದರು, ನಾನೇ ಬಚ್ಚಿಟ್ಟಿದ್ದೇನೆ ಅನ್ನೋ ಹಾಗೆ. ಒಬ್ಬ ಹಿರಿಯರಿಗೆ ನಿಜ ಹೇಳಿದೆ. "ಚೀನಾದೋರು ತಡೆದವ್ರೆ ಕಣಣ್ಣ." ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಚೀನಾದೋನಿಗೂ ನನ್ನ ಗದ್ದೆಗೂ ಏನಯ್ಯಾ ಸಂಬಂಧ?" ಅಂದರು.

ಸಂಬಂಧ ಇತ್ತು. ಆ ವರ್ಷ ಅಕ್ಟೋಬರ್ 15ರಿಂದ, ಗೊಬ್ಬರ ಹಡಗು ಹತ್ತುವ ಮೊದಲು ತಪಾಸಣೆ ಆಗಬೇಕು ಎಂದು ಚೀನಾ ನಿಯಮ ತಂದಿತ್ತು. ಹೆಸರಿಗೆ ತಪಾಸಣೆ, ನಡೆದದ್ದು ಬಾಗಿಲು ಹಾಕುವ ಕೆಲಸ. ಅವರ ರೈತರಿಗೆ ಗೊಬ್ಬರ ಅಗ್ಗವಾಗಿ ಸಿಗಲಿ ಎನ್ನುವುದು ಒಂದು ಕಾರಣ. ಬೇಕಾದಾಗ ತೆರೆಯುವ, ಬೇಡದಾಗ ಮುಚ್ಚುವ ಹಿಡಿಕೆ ಕೈಯಲ್ಲಿದೆ ಎಂದು ಗೊತ್ತಾಗಿದ್ದು ಅದರ ಜೊತೆಗೆ ಬಂದ ಲಾಭ. ಕೆಎಎಸ್‌ಗೆ ಓದುತ್ತಿರುವ ನನ್ನ ಅಕ್ಕನ ಮಗ ಮೊನ್ನೆ ದಪ್ಪದಪ್ಪ ಗೈಡುಗಳನ್ನು ತಂದು, "ಮಾವ, ಈ ಚೀನಾ, ಅಮೆರಿಕ, ಕ್ವಾಡ್ ಎಲ್ಲ ಎಲ್ಲಿಂದ ಶುರುಮಾಡಲಿ?" ಎಂದ. (ಕ್ವಾಡ್ ಅಂದರೆ ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ನಾಲ್ವರ ಕೂಟ.) ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟಿವಿ ಆರಿಸಿ. ರಾತ್ರಿ ಒಂಬತ್ತರ ಕೂಗಾಟದಿಂದ ಯಾರಿಗೂ ಒಂದು ಜಲಸಂಧಿಯ ಹೆಸರು ಗೊತ್ತಾಗಿಲ್ಲ. ಗೋಡೆಗೆ ಹಾಕುವ ದೊಡ್ಡ ಭೂಪಟ ತನ್ನಿ, ಸಮುದ್ರಗಳ ಹೆಸರು ಢಾಳಾಗಿ ಇರುವಂಥದ್ದು. ನಾನು ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕೊಂಡೆ. ಜೊತೆಗೆ ಮಕ್ಕಳ ಗ್ಲೋಬ್ ಒಂದು ಇರಲಿ, ಯಾಕೆಂದರೆ ಚಪ್ಪಟೆ ಭೂಪಟ ಧ್ರುವಗಳ ಕಡೆ ಹೋದಂತೆ ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ಅದರಲ್ಲಿ ದೂರದ ಅಳತೆ ನಂಬುವ ಹಾಗಿಲ್ಲ. ಇನ್ನು ಬೇಕಾದದ್ದು ಚೀಲ ಹೊಲಿಯುವ ದಾರ. ಅದು ನಮ್ಮಲ್ಲಿ ಧಾರಾಳ.

ಈಗ ಬೆರಳನ್ನು ಶಾಂಘೈ ಮೇಲೆ ಇಡಿ. ಅಲ್ಲಿಂದ ಪೆಸಿಫಿಕ್ ಸಾಗರಕ್ಕೆ ಯಾರ ದ್ವೀಪವನ್ನೂ ಹಾಯದೆ ಹೋಗಿ ನೋಡೋಣ. ಆಗುವುದಿಲ್ಲ. ಜಪಾನ್, ಅದರ ಕೆಳಗೆ ಒಕಿನಾವಾ, ಆಮೇಲೆ ತೈವಾನ್, ಆಮೇಲೆ ಫಿಲಿಪ್ಪೀನ್ಸ್: ಮನೆ ಮುಂದೆ ಬೇರೆಯವರು ಬೇಲಿ ಹಾಕಿದ ಹಾಗೆ. ತೈವಾನ್ ಬಗ್ಗೆ ಬೀಜಿಂಗ್ ಯಾಕಿಷ್ಟು ಹಟ ಹಿಡಿದಿದೆ ಎಂಬುದರಲ್ಲಿ ಇತಿಹಾಸ, ಸ್ವಾಭಿಮಾನ, ಚಿಪ್ ಕಾರ್ಖಾನೆ ಎಲ್ಲ ಇದೆ. ಆದರೆ ಬೆರಳು ಆ ಬೇಲಿಗೆ ತಾಗುವವರೆಗೆ ಅದು ಅರ್ಧ ಮಾತ್ರ ಅರ್ಥವಾಗುತ್ತದೆ.

ಎರಡನೆಯ ಕೆಲಸ, ತೂಬುಗಳನ್ನು ಗುರುತಿಸುವುದು. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವಿ.ಸಿ. ನಾಲೆಯಲ್ಲಿ ಎಷ್ಟು ನೀರು ಹರಿದರೂ ಕೊನೇಭಾಗದವನ ಬೆಳೆ ನಿಲ್ಲುವುದು ಮೇಲಿನ ತೂಬು, ಅದನ್ನು ತೆರೆದು ಮುಚ್ಚುವ ನೀರುಗಂಟಿ, ಇವರ ಮರ್ಜಿಯ ಮೇಲೆ. ಮದ್ದೂರು, ಮಳವಳ್ಳಿ ಕಡೆಯವರನ್ನು ಕೇಳಿ. ಸಮುದ್ರವೂ ಹೀಗೇ. ಕೆಂಪು ಪೆನ್ನಿನಲ್ಲಿ ಮೂರು ಚುಕ್ಕಿ ಇಡಿ. ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್, ಅತಿ ಕಿರಿದಾದ ಕಡೆ ಸುಮಾರು 33 ಕಿ.ಮೀ. ಕೆಂಪು ಸಮುದ್ರದ ಬಾಯಲ್ಲಿರುವ ಬಾಬ್ ಎಲ್ ಮಂದಬ್, ಸುಮಾರು 29. ಮಲಕ್ಕಾದಲ್ಲಿ, ಸಿಂಗಪುರದ ಹತ್ತಿರ ಫಿಲಿಪ್ಸ್ ಚಾನೆಲ್ ಎಂಬ ಕಡೆ, ಮೂರು ಕಿಲೋಮೀಟರೂ ಇಲ್ಲ. ಮಂಡ್ಯದ ಪೇಟೆಬೀದಿಯಿಂದ ಹೊರಟು ಅರ್ಧ ಮುಕ್ಕಾಲು ಗಂಟೆಯಲ್ಲಿ ನಡೆದು ಮುಗಿಸುವ ದೂರ.

ಚೀನಾ ಈ ನಾಲೆಯ ಕೊನೇಭಾಗದಲ್ಲಿರುವ ದೊಡ್ಡ ಹಿಡುವಳಿದಾರ. ಬೇಕಾದ ಕಚ್ಚಾತೈಲದ ಮುಕ್ಕಾಲು ಪಾಲಿನ ಆಸುಪಾಸು ಹೊರಗಿನಿಂದ ಬರಬೇಕು, ಅದರಲ್ಲಿ ಬಹಳಷ್ಟು ಮಲಕ್ಕಾ ದಾಟಿಯೇ ಬರಬೇಕು. ನೀರುಗಂಟಿ ಅಮೆರಿಕದ ನೌಕಾಪಡೆ. ಅದರ ಏಳನೇ ಫ್ಲೀಟ್ ಜಪಾನಿನ ಯೊಕೊಸುಕಾದಲ್ಲಿ ಬೀಡುಬಿಟ್ಟಿದೆ. 2003ರಲ್ಲೇ ಆಗಿನ ಚೀನಾ ಅಧ್ಯಕ್ಷ ಹು ಜಿಂಟಾವೊ ಮಲಕ್ಕಾದ ಚಿಂತೆಯನ್ನು ಪಕ್ಷದವರ ಮುಂದೆ ಇಟ್ಟಿದ್ದರು. ಕೊನೇಭಾಗದ ದೊಡ್ಡ ರೈತ ಏನು ಮಾಡುತ್ತಾನೆ? ತನ್ನದೇ ಬೋರ್‌ವೆಲ್ ಕೊರೆಸುತ್ತಾನೆ. ಮ್ಯಾನ್ಮಾರಿನ ಕ್ಯಾವ್‌ಪ್ಯೂ ಬಂದರಿನಿಂದ ಯುನ್ನಾನ್ ಪ್ರಾಂತಕ್ಕೆ ಪೈಪ್‌ಲೈನ್ ಎಳೆದರು, 2013ರಲ್ಲಿ ಅನಿಲ, 2017ರಲ್ಲಿ ತೈಲ. ಪಾಕಿಸ್ತಾನದ ಗ್ವಾದರ್ ಬಂದರಿನ ಹಿಂದೆಯೂ ಇದೇ ಆಸೆ ಇದೆ. ಬೋರ್‌ವೆಲ್ ಇದ್ದಮಾತ್ರಕ್ಕೆ ನಾಲೆ ನೀರಿನ ಅವಲಂಬನೆ ತಪ್ಪಿಲ್ಲ. ಪೈಪಿನಲ್ಲಿ ಬರುವುದು ಒಟ್ಟು ಬೇಕಾದುದರ ಚೂರು.

ನಮ್ಮ ಅಂಡಮಾನ್ ನಿಕೋಬಾರ್ ಎಲ್ಲಿದೆ ನೋಡಿ. ತೂಬಿನ ಬಾಯಿಗೆ ಹೊಂದಿಕೊಂಡ ಹೊಲ. ಮೂರೂ ಸೇನೆಗಳು ಒಂದೇ ಕಮಾಂಡಿನಡಿ ಕೆಲಸ ಮಾಡುವ ವ್ಯವಸ್ಥೆಯನ್ನು ನಾವು ಮೊದಲು ಮಾಡಿದ್ದು ಅಲ್ಲೇ, 2001ರಲ್ಲಿ. ಲಡಾಖಿನ ಗಡಿಯಲ್ಲಿ ಚೀನಾ ಜೊತೆ ಏನಾದರೂ ನಡೆದಾಗ ನಿಕೋಬಾರಿನ ಸುದ್ದಿಯನ್ನೂ ನೋಡುವ ಅಭ್ಯಾಸ ನನಗೆ ಹೀಗೆ ಬಂತು.

ಮೂರನೆಯದು, ಒಂದು ಚಿಕ್ಕ ದೇಶ ಹಿಡಿದು ಅದನ್ನೇ ಪೂರ್ತಿ ಓದುವುದು. ಎಲ್ಲವನ್ನೂ ಓದಲು ಹೋದರೆ ಏನೂ ಉಳಿಯುವುದಿಲ್ಲ. ನಾನು ಹಿಡಿದದ್ದು ಶ್ರೀಲಂಕಾ, ಕಾರಣ ಅಲ್ಲಿನ ಜಗಳ ನನ್ನ ಕಸುಬಿನದೇ.

2021ರ ಮೇನಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿತು. ಇಡೀ ದೇಶ ಒಂದೇ ಏಟಿಗೆ ಸಾವಯವ! ನನ್ನಂಥ ಅಂಗಡಿಯವನು ಇದಕ್ಕೆ ಬೈದರೆ ಸ್ವಾರ್ಥ ಅಂತೀರಿ, ಬಿಡಿ. ಸಾವಯವ ಗೊಬ್ಬರ ಚೀನಾದಿಂದ ತರಿಸಿದರು. ಹಿಪ್ಪೊ ಸ್ಪಿರಿಟ್ ಎಂಬ ಹಡಗಿನಲ್ಲಿ ಸುಮಾರು 20,000 ಟನ್ ಬಂತು. ಲಂಕಾದ ಸಸ್ಯ ತಪಾಸಣೆಯವರು ಮಾದರಿಯಲ್ಲಿ ಬೆಳೆಗೆ ಹಾನಿ ಮಾಡುವ ಬ್ಯಾಕ್ಟೀರಿಯಾ ಇದೆ ಎಂದು ಸರಕು ಬೇಡ ಅಂದರು. ಕಂಪನಿಯವರು ಇಲ್ಲವೇ ಇಲ್ಲ ಅಂದರು. ಕೋರ್ಟು ಹಣಪಾವತಿ ತಡೆಯಿತು. ಕೂಡಲೇ ಚೀನಾದ ರಾಯಭಾರ ಕಚೇರಿ ಲಂಕಾದ ಸರ್ಕಾರಿ ಬ್ಯಾಂಕನ್ನೇ ಕಪ್ಪುಪಟ್ಟಿಗೆ ಸೇರಿಸಿತು. ಅದೇ ಹೊತ್ತಿಗೆ, ನವೆಂಬರ್ ಮೊದಲ ವಾರ, ನಮ್ಮ ವಾಯುಪಡೆಯ ಎರಡು ಸಿ-17 ವಿಮಾನ ಕೊಲಂಬೊದಲ್ಲಿ ಇಳಿದವು. ಒಳಗೆ 100 ಟನ್ ನ್ಯಾನೊ ಸಾರಜನಕದ ದ್ರವ. ಟ್ಯಾಂಕು, ಸೈನಿಕರನ್ನು ಹೊರುವ ವಿಮಾನದಲ್ಲಿ ಗೊಬ್ಬರದ ಬಾಟ್ಲಿ! (ನಮ್ಮ ಕಡೆ ಆ ಬಾಟ್ಲಿ ರೈತರಿಗೆ ಇನ್ನೂ ಒಗ್ಗಿಲ್ಲ, ಕೊಟ್ಟರೆ ಅನುಮಾನದಿಂದ ಅಲ್ಲಾಡಿಸಿ ನೋಡುತ್ತಾರೆ.) ಕೊನೆಗೆ ಲಂಕಾ, ಇಳಿಸಿಕೊಳ್ಳದ ಆ ಸರಕಿಗೆ 70 ಲಕ್ಷ ಡಾಲರಿನ ಹತ್ತಿರ ಹಣ ಕಟ್ಟಿತು.

ಈ ಒಂದು ಪ್ರಕರಣದಲ್ಲಿ ಎಲ್ಲ ಇದೆ: ಸರಕು, ಬ್ಯಾಂಕು, ಕೋರ್ಟು, ವಿಮಾನ, ನಡುವೆ ಬಡಪಾಯಿ ರೈತ. ಲಂಕಾ ಬಗ್ಗೆ ಎಲ್ಲರೂ ಹೇಳುವ ಹಂಬನ್‌ತೋಟ ಬಂದರಿನ ಕಥೆಯನ್ನೂ ಕೂತು ಓದಿ. 2017ರಲ್ಲಿ ಅದು ಚೀನಾದ ಕಂಪನಿಗೆ 99 ವರ್ಷದ ಗುತ್ತಿಗೆಗೆ ಹೋದದ್ದು ನಿಜ. ಸಾಲ ತೀರಿಸಲಾಗದೆ ಬಂದರು ಬರೆದುಕೊಟ್ಟರು ಎನ್ನುವುದು ಮಾತ್ರ ಹಾಗಲ್ಲ. ಬಂದ 112 ಕೋಟಿ ಡಾಲರು ವಿದೇಶಿ ವಿನಿಮಯದ ಖಜಾನೆ ತುಂಬಿಕೊಳ್ಳಲು ಹೋಯಿತು. ಬಂದರಿನ ಸಾಲ ಹಾಗೇ ಉಳಿಯಿತು.

ನಾಲ್ಕನೆಯದಕ್ಕೆ ನಾವು ಮೈಸೂರಿನಾಚೆ ಹೋಗಬೇಕಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಲೋಕಕ್ಕೆ ಮತ್ತೆ ಸಿಕ್ಕಿದ್ದು ಇಲ್ಲೇ. ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ ಅನ್ನುತ್ತೇವಲ್ಲ, ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಆರು ದಾರಿ ಇವೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ರಾಜಿ, ಹಗೆ, ಸುಮ್ಮನೆ ಕೂರುವುದು, ದಂಡೆತ್ತಿ ಹೊರಡುವುದು, ದೊಡ್ಡವನ ಆಸರೆ, ಒಬ್ಬನ ಜೊತೆ ರಾಜಿಯಾಗಿ ಇನ್ನೊಬ್ಬನ ಜೊತೆ ಹಗೆ. ಪೇಪರಿನ ಒಂದೊಂದು ಸುದ್ದಿಯ ಪಕ್ಕ ಇದರಲ್ಲಿ ಯಾವುದು ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಹಾಗೆಯೇ ಪಾರ್ಷ್ಣಿಗ್ರಾಹ ಎಂಬ ಮಾತು ಕಲಿಯಿರಿ: ನೀವು ಮುಂದಿನವನ ಮೇಲೆ ಕಣ್ಣಿಟ್ಟಾಗ ಹಿಮ್ಮಡಿ ಹಿಡಿಯುವವನು. ನಾವು ಚೀನಾ ಕಡೆ ತಿರುಗಿದರೆ ಪಾಕಿಸ್ತಾನ. ಚೀನಾ ತೈವಾನ್ ಕಡೆ ತಿರುಗಿದರೆ ಆ ಜಾಗದಲ್ಲಿ ನಾವು. ಇದನ್ನು ಅಕ್ಕನ ಮಗನಿಗೆ ಹೇಳಿದಾಗ ಅವನು ಬರೆದುಕೊಂಡ ಮೊದಲ ಸಾಲು ಇದೇ.

ನೆರೆಯವನು ಹಗೆ, ಅವನಾಚೆಯವನು ಗೆಳೆಯ ಎನ್ನುವ ಕೌಟಿಲ್ಯನ ಸೂತ್ರವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಶ್ರೀರಂಗಪಟ್ಟಣಕ್ಕೆ ಹೋಗಿ ಕೋಟೆ ಮೇಲೆ ಅರ್ಧ ಗಂಟೆ ಕೂತು ಬನ್ನಿ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ಬೇರೆ ಕಡೆ ಇಟ್ಟುಕೊಳ್ಳಿ, ನಮಗೆ ಬೇಕಾದ್ದು ದೂರ. ಇಂಗ್ಲಿಷರ ವಿರುದ್ಧ ನೆರವು ಕೇಳಿ ಅವನ ದೂತರು 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋದರು. ಮರುವರ್ಷ ಆ ದೊರೆಯ ಬುಡವೇ ಅಲ್ಲಾಡಿತು. ಇತ್ತ ಮರಾಠರು, ನಿಜಾಮ ಎಂಬ ಹತ್ತಿರದ ಇಬ್ಬರು ಇಂಗ್ಲಿಷರ ಜೊತೆ ಸೇರಿದರು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. ಗ್ಲೋಬಿನ ಮೇಲೆ ದಾರ ಹಿಡಿಯಿರಿ: ಶ್ರೀರಂಗಪಟ್ಟಣದಿಂದ ಮರಾಠರ ಪುಣೆಗೆ ಎಷ್ಟು, ಆಫ್ರಿಕಾ ಸುತ್ತಿ ಫ್ರಾನ್ಸಿಗೆ ಎಷ್ಟು. ಇವತ್ತು ವಾಷಿಂಗ್ಟನ್ ಮಾತು ಕೊಟ್ಟಾಗ ಮನಿಲಾ, ತೈಪೆಗಳಲ್ಲಿ ಇದೇ ದಾರವನ್ನು ಅಳೆಯುತ್ತಾರೆ.

ಮಾತು ಕೊಟ್ಟದ್ದು ಯಾವ ಕಾಗದದಲ್ಲಿ ಎಂಬುದನ್ನೂ ನೋಡಿ. ಜಪಾನ್, ಫಿಲಿಪ್ಪೀನ್ಸ್, ದಕ್ಷಿಣ ಕೊರಿಯಾ ಜೊತೆ ಅಮೆರಿಕಕ್ಕೆ ರಕ್ಷಣಾ ಒಪ್ಪಂದ ಇದೆ. ತೈವಾನಿಗೆ 1979ರ ಕಾನೂನಿನಂತೆ ಆಯುಧ ಕೊಡುತ್ತದೆ, ಬಂದು ಯುದ್ಧ ಮಾಡುತ್ತೇನೆ ಎಂದು ಬರೆದುಕೊಟ್ಟಿಲ್ಲ. ಕ್ವಾಡ್‌ನಲ್ಲಿ ಅಂಥ ಷರತ್ತೇ ಇಲ್ಲ. ಇದಿಷ್ಟು ಗೊತ್ತಿದ್ದರೆ ಬಾಕಿ ಹೆಸರುಗಳ ಪಟ್ಟಿ ಪರೀಕ್ಷೆ ಹಿಂದಿನ ರಾತ್ರಿ ಉರುಹೊಡೆದರೂ ನಡೆಯುತ್ತದೆ.

ಇನ್ನು ನೋಟ್‌ಬುಕ್. ಅಂಗಡಿಯ ಉದ್ರಿ ಪುಸ್ತಕದಂಥದ್ದೇ ಉದ್ದನೆಯದು. ಮೊದಲು ಮೂರು ಕಾಲಂ ಹಾಕಿದ್ದೆ: ಹೇಳಿದ್ದು, ಮಾಡಿದ್ದು, ಕೊಂಡದ್ದು. 2020ರ ಜೂನ್ 15ರಂದು ಲಡಾಖಿನ ಗಾಲ್ವಾನಿನಲ್ಲಿ ಚೀನಾದವರ ಜೊತೆ ಹೊಡೆದಾಟದಲ್ಲಿ ನಮ್ಮ 20 ಯೋಧರು ಹೋದರು. ಹೇಳಿದ್ದು: ಚೀನಾ ಸಾಮಾನು ಬೇಡ. ಮಾಡಿದ್ದು: ಅದೇ ತಿಂಗಳು 59 ಆ್ಯಪ್ ನಿಷೇಧ. ಕೊಂಡದ್ದು: 2020-21ರಲ್ಲಿ ಚೀನಾದಿಂದ ಆಮದು ಸುಮಾರು 6,500 ಕೋಟಿ ಡಾಲರ್, 2024-25ರಲ್ಲಿ 11,300 ಕೋಟಿ ದಾಟಿತು. ಮೂರೂ ನಿಜ. ಒಂದೇ ಕಾಲಂ ಓದಿದವರು ಕಟ್ಟೆ ಮೇಲೆ ಜಗಳ ಆಡುತ್ತಾರೆ.

ನಾಲ್ಕನೇ ಕಾಲಂ ಹಾಕಿದ್ದು ನನ್ನ ತಪ್ಪಿನಿಂದ. 2023ರ ನವೆಂಬರಿನಿಂದ ಯೆಮೆನ್ ದೇಶದ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬೀಳತೊಡಗಿದರು; ಹಡಗುಗಳು ಆಫ್ರಿಕಾ ಸುತ್ತಿಬರುವಂತಾಯಿತು. ಭೂಪಟ ಓದಿದ ಜಂಬ ನನಗೆ. ಗೊತ್ತಿದ್ದ ರೈತರೊಬ್ಬರಿಗೆ, "ಡಿಎಪಿ ರೇಟು ಹಾರುತ್ತೆ, ನಾಲ್ಕು ಚೀಲ ಜಾಸ್ತಿ ಹಾಕ್ಕೊ" ಅಂದೆ. ರೇಟು ಹಾರಲಿಲ್ಲ, 50 ಕೆಜಿ ಚೀಲ 1,350ರಲ್ಲೇ ನಿಂತಿತು. ಏರಿದ ಭಾರ ಸರ್ಕಾರದ ಸಬ್ಸಿಡಿಗೆ ಹೋಯಿತು. 2022ರಲ್ಲೇ ಒಂದು ಚೀಲಕ್ಕೆ 2,501 ರೂಪಾಯಿ ಸಬ್ಸಿಡಿ ಕೊಟ್ಟಿದ್ದನ್ನು ಅಂಗಡಿಯವನಾಗಿ ನಾನೇ ಮರೆತಿದ್ದೆ. ಅವರು ಚೀಲಗಳನ್ನು ಕೊಟ್ಟಿಗೆಯಲ್ಲಿ ಇಟ್ಟಿದ್ದರು, ಮಳೆಗಾಲದ ಥಂಡಿಗೆ ಗಟ್ಟಿಯಾಗಿ ಹೋಯಿತು. ಹಾರೆಯಲ್ಲಿ ಒಡೆದು, ತೆಂಗಿನಕಾಯಿ ಗಾತ್ರದ ಒಂದು ಹೆಂಟೆಯನ್ನು ತಂದು ನನ್ನ ಟೇಬಲ್ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ. ಬೂದು ಬಣ್ಣದ ಕಾಳುಗಳು ಒಂದಕ್ಕೊಂದು ಅಂಟಿ ಹುತ್ತದ ಮಣ್ಣಿನ ಹಾಗಿತ್ತು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ನಾಲ್ಕನೇ ಕಾಲಂ: ನಡುವೆ ನಿಂತು ಏಟು ತಿನ್ನುವವರು ಯಾರು?

ಅಭ್ಯಾಸಕ್ಕೆ ಮನೆಯಲ್ಲೇ ವಸ್ತು ಹುಡುಕಿ. ಪಾಮಾಯಿಲ್ ಪ್ಯಾಕೆಟ್ಟಿನಿಂದ ಶುರುಮಾಡಬಹುದು. 2022ರ ಏಪ್ರಿಲ್ 28ರಿಂದ ಇಂಡೋನೇಷ್ಯಾ ರಫ್ತು ನಿಲ್ಲಿಸಿ, ಮೇ 23ಕ್ಕೆ ಬಿಟ್ಟಿತು. ಪಕ್ಕದ ಮನೆಯವರ ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ ಅದರ ಮೋಟರಿನ ಆಯಸ್ಕಾಂತ ಹಿಡಿಯಿರಿ. 2025ರ ಏಪ್ರಿಲ್‌ನಲ್ಲಿ ಇಂಥ ಆಯಸ್ಕಾಂತಕ್ಕೆ ಬೇಕಾದವೂ ಸೇರಿ ಏಳು ಅಪರೂಪದ ಲೋಹಗಳ ರಫ್ತಿಗೆ ಚೀನಾ ಪರವಾನಗಿ ಕಡ್ಡಾಯ ಮಾಡಿತು.

ಅಕ್ಕನ ಮಗನಿಗೆ ನಾನು ಕೊಟ್ಟದ್ದು ನಮ್ಮ ಅಂಗಡಿಯದೇ ಡಿಎಪಿ ಚೀಲ. ಹೊರಗೆ ದೊಡ್ಡದಾಗಿ 'ಭಾರತ್' ಅಂತಿದೆ, 2022ರಿಂದ ಎಲ್ಲ ಕಂಪನಿಗೂ ಅದೇ ಹೆಸರು. ಒಳಗಿನದು ಎಲ್ಲಿಯದು, ಹುಡುಕು ಅಂದೆ. ಚೀನಾದ ಬಾಗಿಲು ನಂಬುವ ಹಾಗಿಲ್ಲ ಅಂತ ನಮ್ಮ ಕಂಪನಿಗಳು 2025ರ ಜುಲೈನಲ್ಲಿ ಸೌದಿಯ ಮಾದೆನ್ ಕಂಪನಿ ಜೊತೆ ವರ್ಷಕ್ಕೆ 31 ಲಕ್ಷ ಟನ್ನಿಗೆ ಐದು ವರ್ಷದ ಒಪ್ಪಂದ ಮಾಡಿಕೊಂಡದ್ದನ್ನು ಪತ್ತೆ ಮಾಡಿದ. ಖುಷಿಯಾಗಿ ದಾರ ತೆಗೆದ. ಒಂದು ತುದಿ ಮಂಗಳೂರಿನಲ್ಲಿ ಒತ್ತಿ, ಇನ್ನೊಂದನ್ನು ಸೌದಿಯ ರಾಸ್ ಅಲ್ ಖೈರ್ ಬಂದರಿಗೆ ಎಳೆದ. ಅದು ಪರ್ಷಿಯನ್ ಕೊಲ್ಲಿಯ ಒಳಗಿದೆ. ದಾರ ನನ್ನ ಕೆಂಪು ಚುಕ್ಕಿಯ ಮೇಲೇ ಹಾದುಹೋಯಿತು.

"ಮಾವ, ಇಲ್ಲೂ ತೂಬು" ಅಂದ.

ಪೆನ್ನು ಕೊಟ್ಟೆ. ನೋಟ್‌ಬುಕ್ಕಿನ ಹಾಳೆ ಫ್ಯಾನ್ ಗಾಳಿಗೆ ಮಗುಚಿಕೊಳ್ಳುತ್ತಿತ್ತು, ಆ ಡಿಎಪಿ ಹೆಂಟೆಯನ್ನು ಅದರ ಮೇಲೆ ಇಟ್ಟು ಬರೆಯತೊಡಗಿದ.